ನಮ್ಮವರು ಬೇಡ ಅಂದರು

ಅನ್ನ ಇನ್ನೂ ಸುಡುತ್ತಿದೆ, ಅಂಗೈಗೆ ಉಪ್ಪುನೀರು ಸವರಿಕೊಂಡು ಒತ್ತಬೇಕು, ಪಕ್ಕದಲ್ಲಿ ತೊಮಿಕೊ ಅಕ್ಕನೂ ಒತ್ತುತ್ತಿದ್ದಾಳೆ, ಬಿರುಗಾಳಿ ತಂತಿಯನ್ನೆಲ್ಲ ಕಿತ್ತುಹಾಕಿದೆ, ಬೀದಿಯ ಹೆಂಗಸರೆಲ್ಲ ಸೇರಿ ಲೈನ್‌ಮನ್‌ಗಳಿಗೆ ಅನ್ನದ ಉಂಡೆ ಮಾಡುತ್ತಿದ್ದೇವೆ, ಕಂಬದ ಮೇಲಿರುವವರು ನನ್ನ ಗಂಡ ಇಸಾಮು — ಅಯ್ಯೋ, ಇವರನ್ನು ನಮ್ಮ ಬೀದಿಗೇ ಕಳಿಸಬೇಕಿತ್ತೇ, ಇನ್ನೇನು ಇಳಿಯುತ್ತಾರೆ, ಅಕ್ಕ ಇಲ್ಲೇ ಇದ್ದಾಳೆ, ಅವಳು ಬಾಯಿಬಿಟ್ಟರೆ ನನ್ನ ಸುಳ್ಳು ಬಯಲಾಗುತ್ತದೆ. ವಾರವಾರ ಸಹಕಾರ ಸಂಘದ ಹಾಲು ಮೊಟ್ಟೆ ಕೊಡಲು ಬಂದಾಗ ಕೇಳುತ್ತಿದ್ದಳು, ಕರೆಂಟೂ ಸಂಘದಿಂದಲೇ ತಗೊಳ್ಳೇ ಕಿನು, ಒಂದು ಫೋನ್ ಮಾಡಿದ್ರೆ ಆಯ್ತು, ಅದೇ ತಂತಿ, ಅದೇ ದೀಪ, ಆ ಕಂಪನಿಗೆ ದುಡ್ಡು ಹೋಗಲ್ಲ ಅಷ್ಟೆ. ಆ ಕಂಪನಿ ಅನ್ನುವಾಗಲೂ ಅವಳ ದನಿ ಏರುವುದಿಲ್ಲ, ಅದೇ ನನಗೆ ಕಷ್ಟ, ಅದರ ಅಣುಸ್ಥಾವರ ಸಿಡಿದ ಮೇಲೆ ಫುಕುಶಿಮಾದ ಮನೆ, ಹಸು, ಪರ್ಸಿಮನ್ ಹಣ್ಣಿನ ಮರ ಎಲ್ಲ ಬಿಟ್ಟು ಉಟ್ಟ ಬಟ್ಟೆಯಲ್ಲಿ ನಮ್ಮ ಬೀದಿಗೆ ಬಂದವಳು, ನಮ್ಮವರು ಅದೇ ಕಂಪನಿಯ ಲೈನ್‌ಮನ್. ನಾಳೆ ಮಾಡ್ತೀನಿ ಅಕ್ಕ, ನಾಳೆ — ಬದಲಾಯಿಸಿದರೆ ಮುಂದಿನ ಗಾಳಿಗೆ ತಂತಿ ಕಿತ್ತಾಗ ರಿಪೇರಿಗೆ ನಮ್ಮ ಮನೆಗೆ ಕೊನೆಗೆ ಬರುತ್ತಾರೇನೋ, ಅದೆಲ್ಲ ಸುಳ್ಳು ಕಣೆ ಎಂದು ಇವರೇ ನಕ್ಕಿದ್ದರು, ಲೈನ್‌ಮನ್ ಹೆಂಡತಿಯೇ ಕಂಪನಿ ಬಿಟ್ಟಳಂತೆ ಅಂದಾರೆಂಬ ನಾಚಿಕೆ, ಬರೀ ಸೋಮಾರಿತನವೂ ಇರಬಹುದು, ಒಂದು ದಿನ ಬಾಯಿಂದ ಬಂದೇಬಿಟ್ಟಿತು, ನಮ್ಮವರು ಬೇಡ ಅಂದರು. ಬದಲಾಯಿಸಲೇ ಎಂದು ನಾನು ಅವರನ್ನು ಕೇಳಿಯೇ ಇರಲಿಲ್ಲ. ಕೇಳಿದ್ದರೆ ನಿನ್ನಿಷ್ಟ ಅನ್ನುತ್ತಿದ್ದರು, ಹಾಗನ್ನುತ್ತಾರೆ ಎಂದು ಗೊತ್ತಿದ್ದೇ ಕೇಳಲಿಲ್ಲ.

ಇಳಿದರು. ಹೆಲ್ಮೆಟ್ ತೆಗೆದು, ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದಾರೆ, ಅಕ್ಕ ತಟ್ಟೆ ಹಿಡಿದು ಎದುರು ಹೋದಳು, ನಾನು ಹೋಗಬೇಕಿತ್ತು, ಒತ್ತಿದ ಉಂಡೆಯನ್ನೇ ಮತ್ತೆ ಒತ್ತುತ್ತಾ ಕೂತೆ. ಸಂಘದ ಕರೆಂಟು ನೀವು ಬೇಡ ಅಂದ್ರಂತೆ, ಬೇಜಾರಿಲ್ಲ ಕಣ್ರೀ, ನಿಮ್ಮ ಹೊಟ್ಟೆಪಾಡು ಅದು, ಇನ್ನು ನಾನು ಕೇಳಲ್ಲ. ಅವರು ನನ್ನ ಕಡೆ ನೋಡಿದರು. ಹೇಳು, ಈಗಲಾದರೂ ಹೇಳು, ಬಾಯಿ ಬಿಡು ಮಹರಾಯ್ತಿ — ಹೌದಕ್ಕ, ನಾನೇ ಬೇಡ ಅಂದೆ, ತಪ್ಪಾಯ್ತು. ಅಂದವರು ಅವರು. ಅಂದು ಬಾಗಿದರು, ಸೊಂಟ ಮಡಿಸಿ, ಇಷ್ಟು ಸಣ್ಣ ಮಾತಿಗೆ ಯಾರೂ ಅಷ್ಟು ಬಾಗುವುದಿಲ್ಲ, ಅಕ್ಕ ಬಿಟ್ಟುಬಂದದ್ದಕ್ಕೆಲ್ಲ ಸೇರಿಸಿಯೇ ಬಾಗಿದ ಹಾಗೆ, ಅವಳು ತಟ್ಟೆಯನ್ನು ಮುಂದಕ್ಕೆ ಚಾಚುತ್ತಿದ್ದಾಳೆ, ಏಳ್ರೀ, ಅನ್ನ ಆರುತ್ತೆ, ನೀವೇನು ಮಾಡಿದ್ರಿ, ಅನ್ನುತ್ತಿದ್ದಾಳೆ, ಅವರು ಏಳುತ್ತಿಲ್ಲ, ಕತ್ತಿನ ಹಿಂದೆ ಬಿಸಿಲಿಗೆ ಸುಲಿದ ಚರ್ಮ, ಬೆವರು, ನಾನಿನ್ನೂ ಬಾಯಿ ಬಿಟ್ಟಿಲ್ಲ, ಆ ಕತ್ತು, ಬಾಗಿದ ಆ ಕತ್ತು.