ಮಡ್‌ಗಾರ್ಡಿನ ಕೆಂಪು ಸುತ್ತು

ಹನ್ನೊಂದು ವರ್ಷ ಸ್ಟಿಯರಿಂಗ್ ಹಿಡಿದ ನನ್ನ ಗಾಡಿಗೂ ಆ ಕೆಂಪು ಬೀಳಬೇಕೆ? ರಾಜಾಜಿನಗರದ ನಮ್ಮ ಸೋಡಾ ಫ್ಯಾಕ್ಟರಿಯ ಕಾನೂನು ಅದು. ವ್ಯಾನು ಎಲ್ಲಿ ನೆಗ್ಗಿದರೂ ಮ್ಯಾನೇಜರ್ ನಂಜುಂಡಪ್ಪನವರು ತಾವೇ ಬ್ರಷ್ ಹಿಡಿದು ಆ ನೆಗ್ಗಿನ ಸುತ್ತಲೂ ಕೆಂಪು ಬಣ್ಣ ಬಳಿಯುತ್ತಿದ್ದರು. ಶನಿವಾರ ವಿಚಾರಣೆ. ತಪ್ಪು ಡ್ರೈವರನದೇ ಎಂದಾದರೆ ಆರು ತಿಂಗಳು ಕೀ ಕಸಿದುಕೊಂಡು ಬಾಟಲಿ ತೊಳೆಯಲು ಕೂರಿಸುತ್ತಿದ್ದರು. ಅಲ್ಲಿಯವರೆಗೆ ಆ ಕೆಂಪು ಹೊತ್ತೇ ಊರೆಲ್ಲ ಸುತ್ತಬೇಕು.

ತಪ್ಪು ನನ್ನದಲ್ಲ. ಸುಗ್ಗಿಯಲ್ಲಿ ಹೊಸಹಳ್ಳಿಯವರು ಹುರುಳಿ ಗಿಡ ತಂದು ರಸ್ತೆಗೇ ಹರಡುತ್ತಾರೆ. ನಮ್ಮ ಚಕ್ರ ಹಾಯ್ದರೆ ಅವರ ಒಕ್ಕಣೆ ಮುಗಿಯಿತು. ಸೋಮವಾರ ನಾನೂ ಹಾಗೇ ಹಾಯಿಸಲು ಹೊರಟಿದ್ದೆ. ಆ ರಾಶಿಯೊಳಗಿಂದ ಬಳೆ ತೊಟ್ಟ ಕೈಯೊಂದು ಮೇಲೆದ್ದಿತು! ಕಾಳು ಆಯುತ್ತ ಪಾಪಮ್ಮ ಎಂಬ ಮುದುಕಿ ಅಲ್ಲೇ ಮಲಗಿದ್ದಾಳೆ, ಪುಣ್ಯಾತ್ಗಿತ್ತಿ! ಎಡಕ್ಕೆಳೆದೆ, ಮೈಲಿಗಲ್ಲಿಗೆ ಗುದ್ದಿದೆ. ಮಡ್‌ಗಾರ್ಡ್ ನೆಗ್ಗಿತು. ಒಂದು ಬಾಟಲಿಯೂ ಒಡೆಯಲಿಲ್ಲ, ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

“ಗುದ್ದಿದ ಪ್ರತಿ ಡ್ರೈವರಿಗೂ ಒಬ್ಬಳು ಮುದುಕಿ ಅಡ್ಡ ಬಂದಿರ್ತಾಳೆ ಕಣಯ್ಯ ಮುನಿಯಣ್ಣ. ಸಾಕ್ಷಿ ಕರ್ಕೊಂಡ್ ಬಾ,” ಎಂದರು ನಂಜುಂಡಪ್ಪನವರು.

“ನಾನ್ ಯಾರ ಬಾಗಿಲಿಗೂ ಹೋಗಿ ಸಾಕ್ಷಿ ಬೇಡಲ್ಲ ಸಾರ್. ಮೈಲಿಗಲ್ಲು ಅಲ್ಲೇ ಐತೆ, ಕೇಳ್ಕೊಳಿ.”

ಆ ಮಾತು ಬೇಕಿರಲಿಲ್ಲ. ಏನು ಮಾಡಲಿ, ನನಗೆ ಕೋಪ ಮೂಗಿನ ತುದಿಯಲ್ಲೇ. ಕೆಂಗೇರಿಯ ನಮ್ಮ ಬೀದಿಗೆ ಮಾತ್ರ ಆ ವ್ಯಾನು ಒಯ್ಯಲು ಮುಖವಿರಲಿಲ್ಲ. ಮೂಲೆಯಲ್ಲೇ ನಿಲ್ಲಿಸಿ ಅಂಗಡಿಗೆ ಕ್ರೇಟು ಹೆಗಲ ಮೇಲೆ ಹೊತ್ತೆ.

ಗುರುವಾರ ಹೊಸಹಳ್ಳಿಯ ಅಂಗಡಿ ಮುಂದೆ ಪಾಪಮ್ಮ ವ್ಯಾನು ನೋಡಿ ಓಡಿ ಬಂದಳು.

“ಅಯ್ ನನ್ನಪ್ಪನೇ! ನಿಮ್ ಸಾವ್ಕಾರ್ರು ಗಾಡಿಗೆ ಕುಂಕುಮ ಮಡಗವ್ರೆ! ನನ್ ಜೀವ ಉಳಿಸ್ತು ಅಂತ ಅಲ್ವಾ?”

ನಿಜ ಹೇಳಬೇಕಿತ್ತು. ಆ ಮುಖದ ಸಂತೋಷ ಕಂಡು “ಹೂಂ ಕಣವ್ವ,” ಎಂದುಬಿಟ್ಟೆ. ಫ್ಯಾಕ್ಟರಿ ಎಲ್ಲಿ ಎಂದು ಕೇಳಿಕೊಂಡು ಹೋದಳು.

ಶನಿವಾರ ಹತ್ತು ಗಂಟೆ. ಅಂಗಳದಲ್ಲಿ ಡ್ರೈವರುಗಳೆಲ್ಲ ಸಾಲಾಗಿ ನಿಂತಿದ್ದೆವು. ನಂಜುಂಡಪ್ಪನವರು ನನ್ನ ಕೀ ಇಸಿದುಕೊಂಡು ಜೇಬಿಗಿಳಿಸಿ, ಪುಸ್ತಕ ಬಿಚ್ಚಿ ನನ್ನ ಹೆಸರು ಕೂಗಿದರು. ಅಷ್ಟರಲ್ಲಿ ಗೇಟಿನಿಂದ ಪಾಪಮ್ಮ ಬಂದಳು, ಕೈಯಲ್ಲಿ ತಟ್ಟೆ. ಯಾರನ್ನೂ ನೋಡದೆ ನೇರ ನನ್ನ ವ್ಯಾನಿನ ಬಳಿ ಹೋಗಿ, ಕೆಂಪು ಸುತ್ತಿನ ನಡುವೆ ಅರಿಶಿನ ಬಳಿದು, ಚೆಂಡುಹೂವು ಸಿಕ್ಕಿಸಿ, ಚಕ್ರದ ಮುಂದೆ ಕಾಯಿ ಒಡೆದಳು. ಆಮೇಲೆ ನಮ್ಮ ಕಡೆ ತಿರುಗಿದಳು.

“ಈ ಕುಂಕುಮ ಮಡಗ್ದೋರು ಯಾರಪ್ಪ?”

ನನಗಂತೂ ಭೂಮಿ ಬಾಯ್ಬಿಡಬಾರದೇ ಅನಿಸಿತು. ಇಷ್ಟು ಜನರೆದುರು ಆ ಮುದುಕಿಗೆ ನಾಚಿಕೆಯಾಗುತ್ತದಲ್ಲ!

“ನಾನೇ ಕಣಮ್ಮ,” ಎಂದರು ನಂಜುಂಡಪ್ಪನವರು ಮೆಲ್ಲಗೆ.

“ನೂರ್ಕಾಲ ಬಾಳಪ್ಪ. ನನ್ನಂಥ ಮುದುಕಿ ಜೀವಕ್ಕೂ ಬೆಲೆ ಕೊಟ್ಯಲ್ಲ!” ಎಂದು ಒಂದು ಹೋಳು ಕಾಯಿ ಅವರ ಕೈಗಿಟ್ಟಳು.

ಅವರು ಪುಸ್ತಕ ಮುಚ್ಚಿದರು. ಮುದುಕಿ ಹೋದಮೇಲೆ ಬಟ್ಟೆಗೆ ಸೀಮೆಎಣ್ಣೆ ಅದ್ದಿ, ತಾವೇ ಕೆಂಪು ಒರೆಸಲು ಬಗ್ಗಿದರು. ನಾನು ಕೈ ಅಡ್ಡ ಹಿಡಿದೆ.

“ಇರ್ಲಿ ಬಿಡಿ ಸಾರ್.”

ನನ್ನ ಮುಖ ನೋಡಿದರು. ಜೇಬಿನಿಂದ ಕೀ ತೆಗೆದು, ಕಾಯಿ ಹೋಳಿನೊಳಗಿಟ್ಟು ಕೊಟ್ಟರು.

ಅಂದು ಕೆಂಗೇರಿಯಲ್ಲಿ ನಾನು ಮೂಲೆಯಲ್ಲಿ ನಿಲ್ಲಿಸಲಿಲ್ಲ. ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ಹಾರನ್ ಹೊಡೆದುಕೊಂಡೇ ಹೋದೆ.