ಫುಲ್‌ಬ್ಯಾಕ್ ಜಾಗಕ್ಕೆ ಯಾರು?

ಭಾನುವಾರ ಬೆಳಿಗ್ಗೆ ಐಲ್ಸಾ ಟ್ರೆವಿನ್ ಹಿತ್ತಲ ಬಾಗಿಲು ತೆಗೆದಾಗ ಉಪ್ಪಿನ ಕೆರೆ ಕಾಣಿಸಲಿಲ್ಲ. ಮಂಜು ಕೆರೆಯನ್ನೂ ಅದರಾಚೆಯ ಗೋಧಿ ಕಣಜಗಳನ್ನೂ ನುಂಗಿಕೊಂಡು ಅವಳ ಬೇಲಿಯ ತನಕ ಬಂದು ನಿಂತಿತ್ತು. ಎಲ್ಲೋ ಒಳಗೆ ಹೆಜ್ಜಾರ್ಲೆಗಳು ರೆಕ್ಕೆ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು, ಯಾರೋ ದೊಡ್ಡ ಹೊದಿಕೆಯನ್ನು ಕೊಡವುತ್ತಿರುವ ಹಾಗೆ.

ಅವಳು ಒದ್ದೆ ಜರ್ಸಿಗಳ ಬುಟ್ಟಿಯನ್ನು ಸೊಂಟಕ್ಕಾನಿಸಿಕೊಂಡು ಹಗ್ಗದ ಬಳಿಗೆ ನಡೆದಳು. ತಾರಿನುಕ್ ಫುಟ್‌ಬಾಲ್ ಕ್ಲಬ್ಬಿನ ಜರ್ಸಿ ಒಗೆಯುವುದು ಮೂವತ್ತೊಂದು ವರ್ಷದಿಂದ ಅವಳ ಕೆಲಸ. ಗಂಡ ರೆಕ್ಸ್ ಕ್ಲಬ್ಬಿನ ಕಾರ್ಯದರ್ಶಿಯಾದಾಗ ಶುರುವಾಗಿದ್ದು, ಅವನು ಹೋಗಿ ಎಂಟು ವರ್ಷವಾದರೂ ನಿಂತಿರಲಿಲ್ಲ. ಬಿಳಿ ಬಟ್ಟೆ, ಎದೆಯ ಮೇಲೆ ಅಡ್ಡಕ್ಕೊಂದು ಕಪ್ಪು ಪಟ್ಟಿ, ಬೆನ್ನ ಮೇಲೆ ನಂಬರು. ಒಂದೊಂದನ್ನೇ ಕ್ಲಿಪ್ಪು ಹಾಕಿ ಸಿಕ್ಕಿಸುತ್ತಾ ಬಂದಳು. ಮಂಜಿನಲ್ಲಿ ಆ ಬಿಳಿ ಬಟ್ಟೆಗಳು ಕರಗಿಹೋಗಿ ಕಪ್ಪು ಪಟ್ಟಿಗಳಷ್ಟೇ ಸಾಲಾಗಿ ತೇಲಿದವು.

ಇಪ್ಪತ್ತೊಂದಾಯಿತು. ಇಪ್ಪತ್ತೆರಡನೆಯದು ಬುಟ್ಟಿಯಲ್ಲಿರಲಿಲ್ಲ. ಇಲ್ಲದ್ದು ಐದನೇ ನಂಬರು.

ಐದು ಎಂದರೆ ಗ್ರಾಂಟ್ ಪೆಂಗೆಲ್ಲಿ. ಹದಿನಾರು ವರ್ಷದಿಂದ ತಾರಿನುಕ್ಕಿನ ಫುಲ್‌ಬ್ಯಾಕ್. ತನ್ನ ಕಡೆಯ ಗೋಲಿನ ಕಂಬಗಳ ಮುಂದೆ ನಿಂತು, ಎದುರಾಳಿಗಳು ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿದುಬಿಡುವುದು ಅವನ ಕೆಲಸ. ನಿನ್ನೆ ಡನ್‌ಕೆರಿಯವರ ಮೇಲೆ ಸೆಮಿಫೈನಲ್ ಇತ್ತು. ಅವನ ಕೈಗೇ ಬರುತ್ತಿದ್ದ ಮೂರು ಚೆಂಡುಗಳು ಬೆರಳ ಪಕ್ಕದಲ್ಲಿ ಜಾರಿಹೋಗಿದ್ದವು. ಅದರಲ್ಲಿ ಎರಡು ಗೋಲಾದವು. ಕೈಯಲ್ಲೂ ಚೆಂಡು ಹಿಡಿಯುವ ಆ ಸೀಮೆಯ ಫುಟ್‌ಬಾಲಿನಲ್ಲಿ ಒಂದು ಗೋಲಿಗೆ ಆರು ಪಾಯಿಂಟು. ತಾರಿನುಕ್ ಸೋತಿದ್ದು ನಾಲ್ಕೇ ಪಾಯಿಂಟಿನಲ್ಲಿ. ಪಟ್ಟಿಯ ಮೇಲ್ತುದಿಯ ತಂಡವಾದ್ದರಿಂದ ಸೋತರೂ ಮುಂದಿನ ಶನಿವಾರ ಇನ್ನೊಂದು ಅವಕಾಶವಿತ್ತು. ಅದನ್ನು ಗೆದ್ದರೆ ಫೈನಲ್, ಸೋತರೆ ಈ ವರ್ಷದ ಆಟ ಮುಗಿಯಿತು.

ಕೆರೆಯ ಕಡೆಯಿಂದ ಉಪ್ಪು ಮುರಿಯುವ ಹೆಜ್ಜೆಯ ಸದ್ದು ಕೇಳಿಸಿತು. ಮಂಜಿನಿಂದ ಮೊದಲು ಎರಡು ಬೂಟು, ಆಮೇಲೆ ಒಂದು ಕೈಚೀಲ, ಕಡೆಗೆ ಪೆಂಗೆಲ್ಲಿಯ ಮುಖ ಹೊರಬಂದವು.

"ಬುಟ್ಟಿಗೆ ಹಾಕೋದು ಮರೆತೆ, ಐಲ್ಸಾ ಆಂಟಿ," ಎಂದು ಚೀಲ ಚಾಚಿದ.

"ಮರೆತೆಯೋ, ಇಲ್ಲ ಜನರ ಮುಖ ನೋಡೋಕಾಗದೆ ಓಡಿಬಂದೆಯೋ?"

"ಎರಡನೇದೇ ಅನ್ನಿ."

ಅವನ ತಾಯಿ ಐಲ್ಸಾಳ ಜೊತೆ ಶಾಲೆಗೆ ಹೋದವಳು. ಅವಳು ತೀರಿಕೊಂಡ ಮೇಲೆ, ಒಂಟಿ ಹೊಲಮನೆಯಲ್ಲಿರುವ ಈ ಮೂವತ್ತನಾಲ್ಕರ ಗಂಡಸಿಗೆ ಊಟ ಮಾಡಿದೆಯಾ ಎಂದು ಕೇಳುವವಳು ಐಲ್ಸಾ ಒಬ್ಬಳೇ. ಅಡುಗೆಮನೆಯಲ್ಲಿ ಕೂರಿಸಿ ಅವನ ಮುಂದೆ ಚಹಾ ಇಟ್ಟಳು. ಅವನು ಕೈ ಚಾಚಿದ. ಬೆರಳುಗಳು ಕಪ್ಪಿನ ಪಕ್ಕದ ಗಾಳಿಯನ್ನು ಮೆಲ್ಲಗೆ ಹಿಡಿದು ಮುಚ್ಚಿಕೊಂಡವು.

ಇಬ್ಬರೂ ಆ ಕೈಯನ್ನೇ ನೋಡಿದರು.

"ಆಂಟಿ, ನಿನ್ನೆ ಗ್ರೌಂಡಲ್ಲಿ ಮಂಜು ಇತ್ತಾ?"

"ಇಲ್ಲವಲ್ಲೋ. ಕಣ್ಣು ಚುಚ್ಚೋ ಬಿಸಿಲಿತ್ತು."

"ನಂಗಿತ್ತು," ಎಂದ ಪೆಂಗೆಲ್ಲಿ. "ಜುಲೈನಲ್ಲಿ ಬೇಲಿ ಬಿಗಿಯೋವಾಗ ತಂತಿ ತುಂಡಾಗಿ ಎಡಗಣ್ಣಿಗೆ ಬಾರಿಸ್ತು. ಒಂದು ವಾರ ಕೆಂಪಗಿತ್ತು, ಹೋಯ್ತು. ಆಮೇಲೆ ಮಿಣುಕು ಹುಳದ ಥರ ಏನೇನೋ ಹಾರಾಡೋದು. ಈಗ ಹತ್ತು ದಿನದಿಂದ ಆ ಕಡೆಯಿಂದ ಬೂದು ಪರದೆ ಇಳೀತಾ ಇದೆ. ಚೆಂಡು ಮೇಲಿಂದ ಚೆನ್ನಾಗೇ ಬರುತ್ತೆ ಆಂಟಿ. ಬರ್ತಾ ಬರ್ತಾ ಪರದೆ ಹಿಂದಕ್ಕೆ ಹೋಗುತ್ತೆ. ಈಚೆ ಬರೋ ಹೊತ್ತಿಗೆ ನನ್ನ ಕೈ ಎಲ್ಲೋ, ಅದೆಲ್ಲೋ."

"ಡಾಕ್ಟರಿಗೆ ತೋರಿಸಿದೆಯಾ?"

"ತೋರಿಸಿದ್ರೆ ಆಡಬೇಡ ಅಂತಾರೆ."

"ಅಂದ್ರೆ ಇಲ್ಲ."

"ಹದಿನಾರು ವರ್ಷ ಆಡಿದ್ದೀನಿ, ಒಂದೂ ಫೈನಲ್ ನೋಡಿಲ್ಲ. ಎರಡೇ ವಾರ. ಯಾರಿಗೂ ಹೇಳ್ಬೇಡಿ, ನಿಮಗೆ ಕೈ ಮುಗೀತೀನಿ."

ಐಲ್ಸಾ ಉತ್ತರ ಕೊಡುವಷ್ಟರಲ್ಲಿ ಮುಂದಿನ ಗೇಟು ಕಿರುಗುಟ್ಟಿತು. ಸೋತ ಮರುದಿನ ಅವಳ ಹಿತ್ತಲಲ್ಲಿ ಸೇರಿ ಆಟವನ್ನು ಎಳೆಎಳೆಯಾಗಿ ಬಿಡಿಸುವುದು ಕೆಲವರ ಹಳೆಯ ಚಾಳಿ. ಪೆಂಗೆಲ್ಲಿ ಕುರ್ಚಿಯನ್ನು ಕಿಟಕಿಯಿಂದ ದೂರಕ್ಕೆ ಎಳೆದುಕೊಂಡ. "ನಾನಿಲ್ಲಿಲ್ಲ," ಎಂದು ಪಿಸುಗುಟ್ಟಿದ.

ಮೊದಲು ಬಂದವನು ಡೆಸ್ ಹ್ಯಾನ್ಲನ್. ಗೋಧಿ ಕಣಜದ ಕೆಲಸದಿಂದ ನಿವೃತ್ತನಾದ ಮೇಲೆ ಮಾತೇ ಅವನ ಕಸುಬು. ಹಿಂದೆಯೇ ಬೇಕರಿಯ ನೋಲೀನ್, ಕೆನೆ ತುಂಬಿದ ವೆನಿಲಾ ಸ್ಲೈಸಿನ ತಟ್ಟೆ ಹಿಡಿದು. ಕಡೆಯಲ್ಲಿ ಬ್ಲೂಯಿ ಶುಲ್ಟ್ಸ್. ತಲೆಗೂದಲು ಕೆಂಪಗಿದ್ದದ್ದಕ್ಕೇ ಊರು ತಮಾಷೆಗೆ ಅವನಿಗೆ ಬ್ಲೂಯಿ, ಅಂದರೆ ನೀಲಿ, ಎಂದು ಹೆಸರಿಟ್ಟಿತ್ತು. ಈಗ ಕೂದಲೇ ಇಲ್ಲ, ಹೆಸರು ಉಳಿದಿದೆ. ತಂಡ ಆರಿಸುವ ಮೂವರಲ್ಲಿ ಅವನೊಬ್ಬ.

"ನಾಲ್ಕು ಪಾಯಿಂಟು!" ಎಂದ ಡೆಸ್, ಕೂರುವ ಮೊದಲೇ. "ನಾಲ್ಕು! ನಮ್ಮಜ್ಜಿ ಊರುಗೋಲು ಹಿಡ್ಕೊಂಡು ನಿಂತಿದ್ರೂ ಆ ಚೆಂಡು ಹಿಡೀತಿದ್ಲು."

"ನಿಮ್ಮಜ್ಜಿ ಸತ್ತು ನಲವತ್ತು ವರ್ಷ ಆಯ್ತು," ಎಂದಳು ನೋಲೀನ್.

"ಆದ್ರೂ ಹಿಡೀತಿದ್ಲು."

"ಫುಲ್‌ಬ್ಯಾಕಿಗೆ ಬ್ರೋಡಿನ ಹಾಕೋಣ ಅಂತಿದ್ದೀನಿ," ಎಂದ ಬ್ಲೂಯಿ, ಸ್ಲೈಸಿನ ಕಡೆಗೇ ನೋಡುತ್ತಾ.

"ನಿಮ್ಮಣ್ಣನ ಮಗನ್ನ!" ಎಂದ ಡೆಸ್. "ಹೇಳಯ್ಯಾ, ಹೇಳು. ಈ ಊರಲ್ಲಿ ಶುಲ್ಟ್ಸ್ ಅಂತ ಹೆಸರಿದ್ರೆ ಕುರಿಗೂ ಒಂದು ಜರ್ಸಿ ಕೊಡ್ತೀಯ ನೀನು."

"ಕುರಿ ಚೆಂಡು ಬಿಡಲ್ಲ."

"ಬ್ರೋಡಿ ರಿಸರ್ವ್ ಆಟಗಾರ ಕಣೋ. ಇಪ್ಪತ್ತು ವರ್ಷ. ಡನ್‌ಕೆರಿಯವರ ಭುಜ ತಾಗಿದ್ರೆ ಹಾರಿ ಕೆರೆಗೆ ಬೀಳ್ತಾನೆ."

ಡೆಸ್ ಎದ್ದು ತಂಡ ಜೋಡಿಸಿ ತೋರಿಸಲು ಹಗ್ಗದ ಬಳಿಗೆ ಹೋದ. ಹನ್ನೊಂದನ್ನು ಕಿತ್ತು ಕೊನೆಗೆ ಸಿಕ್ಕಿಸಿ, ಮೂರನ್ನು ಅದರ ಜಾಗಕ್ಕೆ ತಂದ. "ನೋಡು, ಮೂರನ್ನ ಹಿಂದಕ್ಕೆ ಎಳ್ಕೊ. ಹನ್ನೊಂದು ಗ್ರೌಂಡಿನ ಅಂಚಿಗೆ, ವಿಂಗಿಗೆ ಹೋಗ್ಲಿ."

"ಮೂರು ನಂಬರಿನವನು ಹಿಂದಕ್ಕೆ ಬಂದ್ರೆ ಮುಂದೆ ಗೋಲು ಹೊಡೆಯೋರ್ಯಾರು, ನೀನಾ?" ಬ್ಲೂಯಿ ಬಂದು ಮೂರನ್ನು ವಾಪಸ್ ಒಯ್ದ. ನೋಲೀನ್ ಹದಿನೇಳನ್ನು ತೆಗೆದು ಇಬ್ಬರ ನಡುವೆ ತೂರಿಸಿದಳು. ಮಂಜು ತುಸು ತೆಳುವಾಗಿ ಬಿಸಿಲು ಹಾಲಿನಂತೆ ಇಳಿಯುತ್ತಿತ್ತು. ಆ ಮೂವರೂ ಒದ್ದೆ ಬಟ್ಟೆಗಳ ನಡುವೆ ಮರೆಯಾಗುತ್ತ, ಮತ್ತೆ ಕಾಣಿಸುತ್ತ ಓಡಾಡುವುದನ್ನು ನೋಡಿದರೆ, ತಲೆಯಿಲ್ಲದ ಆಟಗಾರರ ಜೊತೆ ಅವರೇ ನಿದ್ದೆಯಲ್ಲಿ ಆಡುತ್ತಿರುವಂತೆ ಐಲ್ಸಾಳಿಗೆ ಅನಿಸಿತು. ಅಡುಗೆಮನೆಯ ಕಿಟಕಿ ತೆರೆದೇ ಇತ್ತು.

"ಪೆಂಗ್‌ಗೆ ಇನ್ನೊಂದು ಅವಕಾಶ ಕೊಡಿ," ಎಂದಳು ನೋಲೀನ್. "ಹದಿನಾರು ವರ್ಷದಲ್ಲಿ ಒಂದು ದಿನ ಕೆಟ್ಟಿದ್ದಕ್ಕೆ..."

"ಒಂದು ದಿನ ಅಲ್ಲ," ಎಂದ ಡೆಸ್. ಅವನ ದನಿ ತಗ್ಗಿತು. "ಹೋದ ಶನಿವಾರದ ಆಟದಿಂದ ನೋಡ್ತಿದ್ದೀನಿ. ಚೆಂಡು ಬಂದಾಗ ತಲೆ ಆ ಕಡೆ ತಿರುಗಿಸ್ತಾನೆ. ಇಂಥ ಮಾತು ನಾನು ಯಾರಿಗೂ ಅಂದವನಲ್ಲ ಬ್ಲೂಯಿ. ಅವನು ಹೆದರಿದ್ದಾನೆ."

ಆ ಊರಿನಲ್ಲಿ ಕಳ್ಳ ಎಂದರೆ ಜಗಳವಾಡಿ ಮರೆಯುತ್ತಾರೆ. ಚೆಂಡಿಗೆ ಹೆದರಿದ ಎಂಬ ಮಾತು ಮಾತ್ರ ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಅವನು ಹೆದರಿಲ್ಲ, ಒಂದೇ ಕಣ್ಣಿಟ್ಟುಕೊಂಡೂ ಎದುರಾಳಿಗಳ ಮೊಣಕಾಲಿನ ಕೆಳಗೆ ನುಗ್ಗುತ್ತಿದ್ದಾನೆ ಎಂದು ಐಲ್ಸಾಳಿಗೆ ಕೂಗಬೇಕೆನಿಸಿತು. ಒಳಗಿರುವವನಿಗೆ ತಾನು ಮಾತು ಕೊಟ್ಟೆನೋ ಇಲ್ಲವೋ ಎಂದು ನೆನಪಿಸಿಕೊಳ್ಳಲು ನೋಡಿದಳು. ಕೊಟ್ಟಿರಲಿಲ್ಲ.

ಆಗ ಹಿತ್ತಲ ಬಾಗಿಲಿಂದ ಪೆಂಗೆಲ್ಲಿ ಈಚೆ ಬಂದ. ಕೈಯಲ್ಲಿ ಚಹಾದ ದೊಡ್ಡ ಕೆಟಲು. ಸೀದಾ ಡೆಸ್‌ನ ಬಳಿ ಬಂದು, ಅವನ ಕೈಯಲ್ಲಿದ್ದ ಕಪ್ಪಿಗೆ ಬಗ್ಗಿಸತೊಡಗಿದ. ಚಹಾ ಕಪ್ಪಿನ ಎಡಕ್ಕೆ ಧಾರೆಯಾಗಿ ಹುಲ್ಲಿನ ಮೇಲೆ ಬಿತ್ತು. ಡೆಸ್ ಬಾಯಿ ತೆರೆದುಕೊಂಡು ಆ ಧಾರೆಯನ್ನೇ ನೋಡುತ್ತಿದ್ದ. ಕಪ್ಪನ್ನು ಅತ್ತ ಸರಿಸಬೇಕೆಂದೂ ಅವನಿಗೆ ಹೊಳೆಯಲಿಲ್ಲ.

"ಹೆದರಿರೋದು ನಿಜ ಡೆಸ್," ಎಂದ ಪೆಂಗೆಲ್ಲಿ. "ಚೆಂಡಿಗಲ್ಲ."

ತಂತಿಯ ವಿಷಯ, ಪರದೆಯ ವಿಷಯ ಎಲ್ಲ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ. ಆಮೇಲೆ ಕೆಟಲನ್ನು ನೆಲಕ್ಕಿಟ್ಟು ಅಲ್ಲೇ ಹುಲ್ಲಿನ ಮೇಲೆ ಕೂತ. ಡೆಸ್ ತಟ್ಟೆಯಿಂದ ಅತಿ ದೊಡ್ಡ ಸ್ಲೈಸನ್ನು ಆರಿಸಿ, ಪೆಂಗೆಲ್ಲಿಯ ಬಲಗಣ್ಣಿಗೆ ಕಾಣುವ ಕಡೆಯಿಂದ ಹೋಗಿ, ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದ. ಕ್ಷಮೆ ಕೇಳುವುದು ಅವನಿಗೆ ಅಷ್ಟೇ ಗೊತ್ತಿದ್ದದ್ದು.

"ಕತ್ತೆ ನೀನು," ಎಂದಳು ನೋಲೀನ್ ಕಣ್ಣೊರೆಸಿಕೊಂಡು. "ಹತ್ತು ದಿನ! ಬೇಕರಿಗೆ ದಿನಾ ಬರ್ತಿದ್ದೆ, ಒಂದು ಮಾತು ಹೇಳೋಕಾಗ್ಲಿಲ್ವಾ?"

"ಹೇಳಿದ್ರೆ ಊರಿಗೆಲ್ಲ ಬನ್ನಿನ ಜೊತೆ ಹಂಚ್ತಿದ್ದೆ."

"ಹಂಚ್ತಿದ್ದೆ. ಆದ್ರೂ."

ಬ್ಲೂಯಿ ಗಂಟಲು ಸರಿಮಾಡಿಕೊಂಡ. "ಹಾಗಿದ್ರೆ... ಫುಲ್‌ಬ್ಯಾಕಿಗೆ ಯಾರು?"

ಐಲ್ಸಾಳಿಗೆ ಅವನ ಬೋಳುತಲೆಗೆ ಕೆಟಲಿನಿಂದ ಬಾರಿಸಬೇಕೆನಿಸಿತು. ಆದರೆ ನಕ್ಕವನು ಪೆಂಗೆಲ್ಲಿಯೇ. "ಬ್ರೋಡಿನೇ ಹಾಕು. ಎತ್ತರಕ್ಕೆ ಹಾರ್ತಾನೆ. ಆದ್ರೆ ಗೋಲಿನ ಬಾಯಲ್ಲಿ ನಿಲ್ಲಿಸ್ಬೇಡ, ಹತ್ತು ಹೆಜ್ಜೆ ಮುಂದೆ ನಿಲ್ಲಿಸು. ಓಡಿಬಂದು ಹಾರೋನು ಅವನು."

ಸೋಮವಾರ ಐಲ್ಸಾ ಅವನನ್ನು ಕಾರಿನಲ್ಲಿ ಮಿಲ್ಡೂರಾದ ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದಳು. ಆಕೆ ಕಣ್ಣಿಗೆ ಹನಿ ಹಾಕಿ, ದೀಪ ಬಿಟ್ಟು ನೋಡಿ, ಕಣ್ಣಿನ ಹಿಂದಿನ ಪದರ ಕಳಚಿಕೊಳ್ಳುತ್ತಿದೆ ಎಂದಳು. ನಡುಭಾಗ ಇನ್ನೂ ಉಳಿದಿದೆ. ಇನ್ನೊಂದು ಪೆಟ್ಟು ಬಿದ್ದಿದ್ದರೆ ಅದೂ ಹೋಗುತ್ತಿತ್ತು. ಮೆಲ್ಬರ್ನಿಗೆ ಇವತ್ತೇ ಹೊರಡಿ. ಫುಟ್‌ಬಾಲ್? ಇನ್ನು ಯಾವತ್ತೂ ಇಲ್ಲ.

ಹೊರಗೆ ಬಂದಾಗ ಹನಿಯಿಂದ ಅವನ ಕಣ್ಣಪಾಪೆಗಳು ಅಗಲವಾಗಿ ಅರಳಿದ್ದವು. ಮೆಲ್ಬರ್ನಿಗೆ ಹೋಗುವ ದಕ್ಷಿಣದ ದಾರಿಯುದ್ದಕ್ಕೂ ಎರಡೂ ಬದಿಗೆ ಸಾಸಿವೆಯಂಥ ಕನೋಲಾ ಬೆಳೆ ಹೂಬಿಟ್ಟಿತ್ತು. ಅವನ ಕಣ್ಣಿಗೆ ಯಾವುದಕ್ಕೂ ಅಂಚುಗಳೇ ಇರಲಿಲ್ಲ. ಹಳದಿ ಎನ್ನುವುದು ಹೊಲದಿಂದೆದ್ದು ಕಾರಿನ ಗಾಜು, ಐಲ್ಸಾಳ ಕೈ, ಅವನ ಸ್ವಂತ ಮೊಣಕಾಲು ಎಲ್ಲದರ ಮೇಲೂ ಹರಡಿಕೊಂಡಿತ್ತು. "ಆಂಟಿ, ನಾವು ರಸ್ತೆ ಮೇಲಿದ್ದೀವಾ?" ಎಂದು ಒಮ್ಮೆ ಕೇಳಿದ. "ಇದ್ದೀವಿ, ನೀನು ಮಲ್ಕೊ," ಎಂದಳು. ಅವನು ಮಲಗಲಿಲ್ಲ. ಗಾಜಿಗೆ ಹಣೆಯಾನಿಸಿ ಸದ್ದಿಲ್ಲದೆ ಅಳುತ್ತಿದ್ದ. ಅವಳು ನೋಡದವಳಂತೆ ಮುನ್ನೂರು ಮೈಲಿಗೂ ಮೀರಿದ ದಾರಿ ಓಡಿಸಿದಳು.

ಮಂಗಳವಾರ ಶಸ್ತ್ರಚಿಕಿತ್ಸೆ ಆಯಿತು. ಕಳಚಿದ ಪದರವನ್ನು ಒತ್ತಿಹಿಡಿಯಲು ಕಣ್ಣೊಳಗೆ ಒಂದು ಗಾಳಿಗುಳ್ಳೆ ಬಿಟ್ಟಿದ್ದರು. ಅದು ಸರಿಯಾದ ಜಾಗದಲ್ಲಿ ನಿಲ್ಲಬೇಕೆಂದರೆ ಒಂದು ವಾರ ಮುಖ ಕೆಳಗೆ ಮಾಡಿಯೇ ಇರಬೇಕು. ಗುರುವಾರ ಐಲ್ಸಾ ಅವನನ್ನು ತನ್ನ ಮನೆಗೇ ಕರೆತಂದಳು.

ಹಾಗಾಗಿ ಶನಿವಾರ ಮಧ್ಯಾಹ್ನ ಊರೆಲ್ಲ ಖಾಲಿಯಾಗಿದ್ದಾಗ, ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಐಲ್ಸಾ ಆಟಕ್ಕೆ ಹೋಗಲಿಲ್ಲ. ಪೆಂಗೆಲ್ಲಿ ಹಾಸಿಗೆಯ ಮೇಲೆ ಬೋರಲಾಗಿ, ತಲೆಯನ್ನು ಅಂಚಿನಿಂದ ಆಚೆ ಚಾಚಿ, ನೆಲದ ಹಲಗೆಗಳನ್ನು ನೋಡುತ್ತಾ ಮಲಗಿದ್ದ. ರೇಡಿಯೋ ಅವನ ಮೂಗಿನ ಕೆಳಗೆ ನೆಲದ ಮೇಲಿತ್ತು.

"ಬ್ರೋಡಿ ಎಲ್ಲಿ ನಿಂತಿದ್ದಾನಂತೆ?"

"ಅದನ್ನ ಹೇಳ್ತಿಲ್ಲ ಕಣೋ."

"ಮುಂದೆ ನಿಂತಿದ್ದಾನೆ. ಜನ ಕೂಗೋದು ಕೇಳಿದ್ರೆ ಗೊತ್ತಾಗುತ್ತೆ." ಅವನ ಬೆರಳು ಹಲಗೆಯ ಗೆರೆಗಳ ಮೇಲೆ ಓಡುತ್ತಿತ್ತು. ಮರದ ಗಂಟುಗಳೆಲ್ಲ ಆಟಗಾರರು, ಗೆರೆಗಳೆಲ್ಲ ಗಾಳಿ. ಐಲ್ಸಾಳೂ ಬಗ್ಗಿ ನೋಡುತ್ತಾ ಕೂತಳು. ನೋಡುತ್ತಾ ನೋಡುತ್ತಾ ಅವಳಿಗೂ ಆ ನೆಲ ಹಸಿರಾಗಿ, ದೂರದಲ್ಲಿ ಬಿಳಿ ಕಂಬಗಳು ಎದ್ದವು. ಕೊನೆಯ ಎರಡು ನಿಮಿಷದಲ್ಲಿ ಬ್ರೋಡಿ ಮೂವರ ಬೆನ್ನ ಮೇಲೆ ಹಾರಿ ಚೆಂಡು ಹಿಡಿದಾಗ ಪೆಂಗೆಲ್ಲಿಯ ಎರಡು ಕೈಗಳೂ ಹಾಸಿಗೆಯ ಕೆಳಗೆ ಚಾಚಿ, ಗಾಳಿಯಲ್ಲಿ ಬಿಗಿಯಾಗಿ ಮುಚ್ಚಿಕೊಂಡವು.

ಆದರೂ ತಾರಿನುಕ್ ಸೋತಿತು. ಹನ್ನೊಂದು ಪಾಯಿಂಟು.

ರೇಡಿಯೋ ನಿಂತು ಐದು ನಿಮಿಷ ಆಗಿರಲಿಲ್ಲ, ಫೋನು ಹೊಡೆದುಕೊಂಡಿತು. ಡೆಸ್. ಗ್ರೌಂಡಿನ ಗದ್ದಲದ ನಡುವೆ ಅವನ ದನಿ ಆಚೆಗೂ ಕೇಳುತ್ತಿತ್ತು. "ಐಲ್ಸಾ, ಅವನಿಗೆ ಕೊಡು. ಬ್ರೋಡಿ ಪರವಾಗಿಲ್ಲ, ಗೊತ್ತಾಯ್ತಾ? ಪರವಾಗಿಲ್ಲ. ಆದ್ರೆ ವಿಂಗಿನಲ್ಲಿ ಓಡೋ ಒಬ್ಬನಿಗೂ ಕಾಲಿಲ್ಲ. ಬ್ಲೂಯಿ ಇಲ್ಲೇ ಇದ್ದಾನೆ, ಆರಿಸೋ ಕೆಲಸ ಸಾಕಂತೆ, ಇನ್ಮೇಲೆ ಪೆಂಗೇ ಮಾಡ್ಲಿ ಅಂತಾನೆ. ಕೇಳು, ಒಪ್ತಾನಾ?"

ಐಲ್ಸಾ ಫೋನನ್ನು ಪೆಂಗೆಲ್ಲಿಯ ಕಿವಿಗೆ ಹಿಡಿದಳು. ಅವನು ಸ್ವಲ್ಪ ಹೊತ್ತು ಕೇಳಿಸಿಕೊಂಡ. ಆಮೇಲೆ ನೆಲದ ಕಡೆಗೆ ಮುಖ ಮಾಡಿಕೊಂಡೇ, "ಅಲ್ಲ ಮಾರಾಯ, ಹನ್ನೊಂದು ನಂಬರನ್ನ ಬೆಂಚಿನಲ್ಲಿ ಯಾಕೆ ಕೂರಿಸಿದ್ರಿ, ಮೊದಲು ಅದು ಹೇಳು," ಎಂದು ಶುರುಮಾಡಿದ. ಅದು ಬೇಗ ಮುಗಿಯುವ ಮಾತಲ್ಲ ಎಂದು ಅವಳಿಗೆ ಗೊತ್ತಾಯಿತು. ಫೋನು ಬೀಳದ ಹಾಗೆ ದಿಂಬಿಗೆ ಒರಗಿಸಿ, ಆಲೂಗಡ್ಡೆ ಬೇಯಿಸಲು ಎದ್ದಳು.