ಮೂವತ್ತೈದರ ಲೆನ್ಸು

"ಇದು ಕ್ರಾಪ್ ಮಾಡಿದ್ದಾ?" ಎಂದು ಟಿಪ್ಸ್ ಮೇಷ್ಟ್ರು ಕೇಳಿದರು. ದನಿ ಎಂದಿನಂತಿರಲಿ ಎಂದು ಗಂಟಲು ಸರಿಮಾಡಿಕೊಂಡೇ ಕೇಳಿದ್ದರು. ಆದರೂ ಮಾತಿನ ಕೊನೆ ಕೀರಲಾಗಿ ಬಂತು.

ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ, ಗೋಡೆಗೆ ಕಟ್ಟಿದ್ದ ಬಿಳಿ ಬಟ್ಟೆಯ ತುಂಬ ಅವರ ಹೆಂಡತಿಯ ಮುಖವಿತ್ತು. ನಗುತ್ತಿದ್ದಳು. ಸುಮ್ಮನೆ ತುಟಿ ಅರಳಿಸಿದ ನಗುವಲ್ಲ. ಕಣ್ಣು ಸಣ್ಣಗಾಗಿ, ಕೆನ್ನೆ ಮೇಲೇರಿ, ಪಕ್ಕದ ಸೊಟ್ಟ ಹಲ್ಲು ಕಾಣುವ ಹಾಗೆ ನಕ್ಕ ನಗು. ಆ ಹಲ್ಲನ್ನು ಮುಚ್ಚಿಟ್ಟುಕೊಂಡು ನಗುವುದು ಅವಳಿಗೆ ಮದುವೆಗೆ ಮುಂಚಿನಿಂದ ಬಂದ ಅಭ್ಯಾಸ. ಮೇಷ್ಟ್ರ ಕ್ಯಾಮೆರಾದ ಮುಂದೆ ಅದು ಒಮ್ಮೆಯೂ ಹೊರಗೆ ಬಂದಿರಲಿಲ್ಲ.

"ಇಲ್ಲ ಸರ್. ಎಲ್ಲೂ ಕತ್ತರಿಸಿಲ್ಲ, ಹೇಗೆ ತೆಗೆದೆನೋ ಹಾಗೇ ಇದೆ," ಎಂದ ಹೊಸಬ. "ಮೇಡಂ ಒಪ್ಪಿಗೆ ತಗೊಂಡೇ ತಂದೆ. ಇವತ್ತೇ ತೋರಿಸಿ ಅಂತ ಅವರೇ ಹೇಳಿದ್ರು."

ಫೋಟೋ ಕ್ಲಬ್ಬಿಗೆ ಅವನು ಸೇರಿ ವರ್ಷವಾಗುತ್ತ ಬಂದಿತ್ತು. ಅವನ ನಂತರ ಬೇರೆ ಯಾರೂ ಸೇರದ್ದರಿಂದ ಹೊಸಬನಾಗಿಯೇ ಉಳಿದುಬಿಟ್ಟಿದ್ದ.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ವಿಮಾ ಕಚೇರಿಯಲ್ಲಿ ಮೇಲ್ವಿಚಾರಕರು. ಆದರೆ ಕ್ಯಾಮೆರಾ ವಿಷಯ ಬಂದರೆ ಕೇಳಿದವರಿಗೂ ಸಲಹೆ, ಕೇಳದವರಿಗೂ ಸಲಹೆ. ಯಾವ ಲೆನ್ಸ್ ಕೊಳ್ಳಬೇಕು, ಯಾವ ಮೆಮೊರಿ ಕಾರ್ಡ್ ನಂಬಬಾರದು, ಎಡಿಟಿಂಗಿನಲ್ಲಿ ಬಣ್ಣವನ್ನು ಎಷ್ಟು ಎಳೆದರೆ ಹಸಿರು ಹುಲ್ಲು ಪೇಂಟಿನ ಡಬ್ಬಿಯಾಗುತ್ತದೆ, ಎಲ್ಲ ಅರೆದು ಕುಡಿದಿದ್ದರು. ಯಾರ ಪರಿಚಯವಾದರೂ ಏನು ಕೆಲಸ, ಎಲ್ಲಿ ಮನೆ ಎಂದು ವಿಚಾರಿಸುತ್ತಿರಲಿಲ್ಲ. ಯಾವ ಕ್ಯಾಮೆರಾ ಎಂದು ವಿಚಾರಿಸುತ್ತಿದ್ದರು. ಹಾಗಾಗಿ ಹೊಸಬನಿಗೆ ದೊಡ್ಡಾಸ್ಪತ್ರೆಯ ಎದುರು ಎಂಥದೋ ಮಷೀನಿನ ಅಂಗಡಿಯಿದೆ ಎಂಬುದಷ್ಟೇ ಅವರಿಗೆ ಗೊತ್ತು. ಅವನ ಹತ್ತಿರ ಇರುವುದು ಒಂದೇ ಲೆನ್ಸ್, ಮೂವತ್ತೈದು ಎಂಎಂನ ಗಿಡ್ಡದು, ಎಂಬುದು ಮಾತ್ರ ಚೆನ್ನಾಗಿ ಗೊತ್ತು. ಅದನ್ನು ಕೊಳ್ಳಿಸಿದವರು ಅವರೇ.

ಹೊಸಬ ಬಂದ ಹೊಸದರಲ್ಲಿ ದೂರದ ಮುಖವನ್ನು ಹತ್ತಿರಕ್ಕೆ ಎಳೆಯುವ ಮೇಷ್ಟ್ರ ನೂರಮೂವತ್ತೈದರ ಉದ್ದ ಲೆನ್ಸನ್ನು ಆಸೆಯಿಂದ ನೋಡಿ, "ಸರ್, ನಾನೂ ಇದನ್ನೇ ತಗೊಳ್ಳಲಾ?" ಎಂದು ಕೇಳಿದ್ದ. "ನಿಮಗ್ಯಾಕೆ ಅದು? ಮೂಗಿಗಿಂತ ಮೂಗುತಿ ಭಾರ ಆಗುತ್ತೆ," ಎಂದಿದ್ದರು ಮೇಷ್ಟ್ರು. "ಮೂವತ್ತೈದು ಸಾಕು. ಮುಖ ದೊಡ್ಡದಾಗಿ ಬೇಕು ಅಂದ್ರೆ ಎರಡು ಹೆಜ್ಜೆ ಮುಂದೆ ಹೋಗಿ. ನಿಮ್ಮ ಕಾಲೇ ಜೂಮು." ಸಲಹೆ ತಪ್ಪೇನಲ್ಲ. ಆದರೆ ಕ್ಲಬ್ಬಿನಲ್ಲಿ ಇನ್ನೊಂದು ನೂರಮೂವತ್ತೈದು ಬೇಡ ಎಂಬ ಲೆಕ್ಕಾಚಾರವೂ ಅದರಲ್ಲಿ ಸೇರಿತ್ತು.

ಈಗ ಆ ಕಾಲು ಎಲ್ಲಿಯವರೆಗೆ ಹೋಗಿದೆ ಎಂಬುದು ಬಟ್ಟೆಯ ಮೇಲೆ ಕಾಣುತ್ತಿತ್ತು. ಮೂವತ್ತೈದರಲ್ಲಿ ಮುಖ ಇಷ್ಟು ತುಂಬಬೇಕಾದರೆ ಕೈಚಾಚುವಷ್ಟು ದೂರವೂ ಇರುವ ಹಾಗಿಲ್ಲ. ಮೂಗು ಒಂದಿಷ್ಟು ಮುಂದೆ ಬಂದಿತ್ತು, ಕಿವಿಗಳು ಹಿಂದೆ ಸರಿದಿದ್ದವು. ಹತ್ತಿರ ನಿಂತದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಉಳಿದವರೆಲ್ಲ ನಗುವನ್ನು ನೋಡುತ್ತಿದ್ದರು. ಮೇಷ್ಟ್ರು ದೂರವನ್ನು ನೋಡುತ್ತಿದ್ದರು.

"ನಾನು ದಿನಾ ಜನರ ಬಾಯಿ ತೆಗೆಸ್ತೀನಿ," ಎಂದರು ಪ್ರೊಜೆಕ್ಟರಿನ ಪಕ್ಕ ಕೂತಿದ್ದ ಹಲ್ಲಿನ ಡಾಕ್ಟರು. "ಇಷ್ಟು ಖುಷಿಯಾಗಿ ಒಬ್ಬರೂ ತೆಗೆದಿಲ್ಲ."

"ಕಿವಿ ಎರಡೂ ಮಸುಕಾಗಿವೆ," ಎಂದರು ಮೇಷ್ಟ್ರು. "ಅಪರ್ಚರ್ ಇನ್ನೊಂಚೂರು ಮುಚ್ಚಬೇಕಿತ್ತು. ಮೂಗೂ ದಪ್ಪ ಬಂದಿದೆ. ಮುಖದ ಚಿತ್ರಕ್ಕೆ ಇಷ್ಟು ಹತ್ತಿರ ಹೋಗಬಾರದು."

"ಕಿವಿ ಕಾಣೋದು ಬೇಡ ಅಂದ್ರು ಸರ್, ಮೇಡಂ. ಮತ್ತೆ ಹತ್ತಿರ ಹೋಗಿ ಅಂತ ನೀವೇ ಹೇಳಿದ್ರಲ್ಲ."

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ನಗದೆ ಕೂತರೆ ಒಳಗಿನದು ಹೊರಗೆ ಗೊತ್ತಾಗಿಬಿಡುತ್ತದಲ್ಲ.

ಮನೆಗೆ ಬಂದಾಗ ಬಾಟಲಿ ಕಾರ್ಖಾನೆಯಲ್ಲಿ ಹೆಂಡತಿಯ ಪಾಳಿ ಇನ್ನೂ ಮುಗಿದಿರಲಿಲ್ಲ. ಮೇಷ್ಟ್ರು ದೀಪ ಹಾಕಿ ಹಜಾರದ ಗೋಡೆಯ ಮುಂದೆ ನಿಂತರು. ಗೋಡೆಯ ತುಂಬ ಅವಳೇ. ಕೆರೆ ಏರಿಯ ಮೇಲೆ, ಕಲ್ಲಿನ ಮೆಟ್ಟಿಲ ಮೇಲೆ, ಹಳದಿ ಹೂವಿನ ಮರದ ಕೆಳಗೆ. ಎಲ್ಲ ನೂರಮೂವತ್ತೈದರಲ್ಲಿ ದೂರದಿಂದ ತೆಗೆದದ್ದು. ಹಿನ್ನೆಲೆ ಬೆಣ್ಣೆಯ ಹಾಗೆ ಕರಗಿತ್ತು, ರೆಪ್ಪೆಯ ಕೂದಲನ್ನು ಎಣಿಸಬಹುದಿತ್ತು. ಮುಖದಲ್ಲಿ ಮಾತ್ರ ಜೀವವಿರಲಿಲ್ಲ. "ನಗೇ, ಸ್ವಲ್ಪ ನಗು," ಎಂದು ಕ್ಯಾಮೆರಾವನ್ನು ಕಣ್ಣಿಗೊತ್ತಿಕೊಂಡು ಇವರು ಕೂಗುತ್ತಿದ್ದರೆ, ಅವಳು ದೂರದ ಬಸ್ಸಿನ ಬೋರ್ಡು ಓದುವವಳಂತೆ ಕತ್ತು ಮುಂದೆ ಚಾಚಿ, ಹುಬ್ಬು ಗಂಟಿಕ್ಕಿ ನೋಡುತ್ತ ನಿಲ್ಲುತ್ತಿದ್ದಳು. ಆಮೇಲೆ ಕಂಪ್ಯೂಟರಿನಲ್ಲಿ ಕೂತು ಆ ಹುಬ್ಬಿನ ನಡುವಿನ ಗೆರೆಯನ್ನು ಅಳಿಸುವುದು ಮೇಷ್ಟ್ರ ಕೆಲಸ. ಅದರ ಮೇಲೆ ಕ್ಲಬ್ಬಿನಲ್ಲಿ ಒಂದು ಪಾಠವನ್ನೇ ಮಾಡಿದ್ದರು: ಗೆರೆ ಪೂರ್ತಿ ಅಳಿಸಬೇಡಿ, ಅರ್ಧ ಉಳಿಸಿ, ಇಲ್ಲದಿದ್ದರೆ ಮುಖ ಪ್ಲಾಸ್ಟಿಕ್ ಆಗುತ್ತೆ. ಅವಳದು ಫೋಟೋಗೆ ಒಗ್ಗದ ಮುಖ ಎಂದು ಅವರು ಎಂದೋ ತೀರ್ಮಾನಿಸಿ ಸಮಾಧಾನವಾಗಿದ್ದರು. ಆ ಸಮಾಧಾನವನ್ನು ಹೊಸಬ ಇವತ್ತು ಕಿತ್ತುಕೊಂಡಿದ್ದ.

ಬೀರುವಿನ ಮೂಲೆಯಿಂದ ತಮ್ಮ ಹಳೆಯ ಮೂವತ್ತೈದರ ಲೆನ್ಸನ್ನು ಹುಡುಕಿ ತೆಗೆದರು. ಅಡುಗೆಮನೆಯ ಮೇಜಿನ ಮೇಲೆ ಕುಕ್ಕರ್ ಇಟ್ಟರು. ಗಾತ್ರದಲ್ಲಿ ಮನುಷ್ಯರ ತಲೆಗೆ ಅದು ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಚೌಕಟ್ಟು ತುಂಬುವವರೆಗೆ ಒಂದೊಂದೇ ಹೆಜ್ಜೆ ಮುಂದೆ ಬಂದು, ಅಲ್ಲಿ ನಿಂತು, ಹೊಲಿಗೆ ಪೆಟ್ಟಿಗೆಯ ಟೇಪು ಹಿಡಿದು ಅಳೆದರು. ಒಂದು ಮೊಳದ ಮೇಲೆ ಚೂರು. ಉತ್ತರ ಹಿಡಿಸಲಿಲ್ಲವೆಂದು ಮತ್ತೊಮ್ಮೆ ಅಳೆದರು. ಒಂದು ಮೊಳದ ದೂರದಲ್ಲಿ ಕೂತವರ ಉಸಿರು ತಾಕುತ್ತದೆ. ಆ ದೂರದಲ್ಲಿ ತಾವು ಹೆಂಡತಿಯ ಎದುರು ಕೂತು ಎಷ್ಟು ಕಾಲವಾಯಿತು ಎಂಬ ಪ್ರಶ್ನೆ ಬಂತು. ಅದನ್ನು ಬದಿಗೆ ತಳ್ಳಿ, ಅವನು ಯಾವತ್ತು ಕೂತ, ಎಲ್ಲಿ ಕೂತ ಎಂಬುದನ್ನು ಹಿಡಿದುಕೊಂಡರು.

ಹುಡುಕುವವರಿಗೆ ಪುರಾವೆಗೇನು ಬರ. ಹೋದ ತಿಂಗಳು ಒಂದು ದಿನ ತಡವಾಗಿ ಬಂದು, ಆಸ್ಪತ್ರೆ ಕಡೆ ಸ್ವಲ್ಪ ಕೆಲಸವಿತ್ತು ಎಂದಿದ್ದಳು. ವರ್ಷಗಟ್ಟಲೆ ಎತ್ತಿ ಕಟ್ಟುತ್ತಿದ್ದ ಕೂದಲನ್ನು ಈಚೆಗೆ ಕತ್ತರಿಸಿ ಕೆನ್ನೆಯ ಪಕ್ಕ ಇಳಿಬಿಟ್ಟಿದ್ದಳು. ಈ ವಯಸ್ಸಿನಲ್ಲಿ ಯಾರಿಗೆ ತೋರಿಸಲು? ಹೊಟ್ಟೆಕಿಚ್ಚು ಎಂದರೆ ಬೇರೆಯವರ ಮನೆಯ ರೋಗ ಎಂದುಕೊಂಡಿದ್ದ ಮೇಷ್ಟ್ರಿಗೆ ಎದೆಯಿಂದ ಗಂಟಲವರೆಗೆ ಉರಿಯುತ್ತಿತ್ತು. ಕುಕ್ಕರನ್ನು ಎತ್ತಿ ಒಲೆಯ ಪಕ್ಕ ಕುಕ್ಕಿದರು.

ಬಾಗಿಲಲ್ಲಿ ಸದ್ದಾಯಿತು. ಆದರೆ ಅವಳು ಒಳಗೆ ಬರಲಿಲ್ಲ. ಚೀಲದ ಜಿಪ್ಪು ಎಳೆದದ್ದು ಕೇಳಿಸಿತು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕನ್ನಡಿ ನೋಡಿಕೊಳ್ಳುತ್ತಿರಬೇಕು ಎಂದುಕೊಂಡರು ಮೇಷ್ಟ್ರು.

ಒಳಗೆ ಬಂದವಳು ಇವರನ್ನು ನೋಡಿ ತುಟಿ ಮುಚ್ಚಿಯೇ ಒಂದು ನಗು ನಕ್ಕು, ನೇರ ಸಿಂಕಿನ ಕಡೆ ನಡೆದಳು. ಬಾಟಲಿ ಕಾರ್ಖಾನೆಯ ನೀಲಿ ಕೋಟನ್ನೂ ಬಿಚ್ಚಲಿಲ್ಲ. ಬೆನ್ನು ಹಾಕಿ ನಿಂತು ಬೀನ್ಸ್ ತೊಳೆದಳು, ಕತ್ತರಿಸತೊಡಗಿದಳು.

ಅವಳ ಬೆನ್ನಿಗೆ ಗೊಣಗುವುದು ಮೇಷ್ಟ್ರಿಗೆ ರೂಢಿ. ಸಾರಿನ ಉಪ್ಪಿನಿಂದ ಹಿಡಿದು ಅವಳ ಅಣ್ಣನ ಸಾಲದ ಸ್ಕೂಟರಿನವರೆಗೆ ಎಲ್ಲವನ್ನೂ ಹೀಗೆ ಮೇಜಿನ ಬಳಿ ಕೂತು ಗೊಣಗಿ ಹಗುರಾಗುತ್ತಿದ್ದರು. ಅವಳು ಒಂದು ದಿನವೂ ಎದುರಾಡಿದವಳಲ್ಲ. "ನಮ್ಮನೆಯವಳ ತಾಳ್ಮೆ ಯಾರಿಗೂ ಬರಲ್ಲ," ಎಂದು ನಾಲ್ಕು ಜನರ ಮುಂದೆ ಹೊಗಳಿದ್ದೂ ಉಂಟು.

"ಮನೇಲಿ ಹೆಣದ ಮುಖ," ಎಂದರು ಈಗ, ಹಲ್ಲಿನ ಸಂದಿಯಲ್ಲಿ, ಅರ್ಧ ತಮಗೇ. "ಹೊರಗೆ ಕಂಡವನ ಮುಂದೆ ಹಲ್ಲು ಕಿರಿಯೋದು. ಇಷ್ಟು ವರ್ಷ ಕಲ್ಲನ್ನ ಕಟ್ಟಿಕೊಂಡು ಫೋಟೋ ತೆಗೆದ ಹಾಗಾಯ್ತು."

ಚಾಕು ನಿಂತಿತು.

ಅವಳು ತಿರುಗಲಿಲ್ಲ. ನಲ್ಲಿಯನ್ನು ಪೂರ್ತಿ ನಿಲ್ಲಿಸಿದಳು. ಕೈಯನ್ನು ಕೋಟಿಗೆ ಒರೆಸಿಕೊಂಡಳು. ಆಮೇಲೆ ತಿರುಗಿ, "ಕೇಳಿಸ್ತು," ಎಂದಳು.

"ಕೇಳಿಸಲಿ ಅಂತಲೇ ಹೇಳಿದ್ದು," ಎಂದರು ಮೇಷ್ಟ್ರು. ಅದು ಸುಳ್ಳು.

"ಅಲ್ಲ ರೀ. ಕೇಳಿಸ್ತು ಅಂತಿದ್ದೀನಿ." ಅವಳು ಬಲಗಡೆಯ ಕೂದಲನ್ನು ಹಿಂದಕ್ಕೆ ಸರಿಸಿದಳು. ಕಿವಿಯ ಹಿಂದೆ ಚರ್ಮದ ಬಣ್ಣದ್ದೊಂದು ಸಣ್ಣ ಮಷೀನು ಕೂತಿತ್ತು, ಅದರಿಂದ ಕೂದಲೆಳೆಯಂಥ ತಂತಿ ಕಿವಿಯೊಳಗೆ ಇಳಿದಿತ್ತು. ಎಡಗಡೆಯನ್ನೂ ಸರಿಸಿ ತೋರಿಸಿದಳು. ಅಲ್ಲೂ ಒಂದು.

ಮೇಷ್ಟ್ರು ಎದ್ದರು, ಮತ್ತೆ ಕೂತರು.

"ಕಾರ್ಖಾನೆಲಿ ಆ ಬಾಟಲಿ ಗದ್ದಲದಲ್ಲಿ ನಾವು ಯಾರೂ ಕಿವೀಲಿ ಕೇಳಲ್ಲ. ಬಾಯಿ ನೋಡಿ ಮಾತಾಡೋದು. ಅದು ಅಭ್ಯಾಸ ಆಗಿ, ಕಿವಿ ಯಾವಾಗ ಹೋಯ್ತು ಅಂತ ನನಗೇ ಗೊತ್ತಾಗಲಿಲ್ಲ. ಎದುರಿಗೆ ಇದ್ರೆ ಎಲ್ಲ ತಿಳಿಯುತ್ತೆ. ಹಿಂದೆ ನಿಂತ್ರೆ ಏನೂ ಇಲ್ಲ."

"ಮತ್ತೆ ಅವನು ಅಷ್ಟು ಹತ್ತಿರ..."

"ಅವರದ್ದು ಕಿವಿ ಮಷೀನಿನ ಅಂಗಡಿ. ಕಿವಿಗೆ ಕೂರಿಸೋಕೆ ಹತ್ತಿರ ಕೂರದೆ ಆ ರಸ್ತೇಲಿ ನಿಂತು ಕೂರಿಸ್ತಾರಾ?" ಅವಳು ಕುರ್ಚಿ ಎಳೆದು ಎದುರಿಗೆ ಕೂತಳು. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಸದ್ದಿಗೆ ಅವಳ ಮುಖ ಕ್ಷಣ ಕಿವುಚಿಕೊಂಡಿತು. "ಹೋದ ತಿಂಗಳು ಮೊದಲು ಹಾಕಿ ನೋಡಿದ ದಿನ ನನ್ನ ಕೋಟೇ ಸರಪರ ಅಂತು. ಬಟ್ಟೆಗೂ ಸದ್ದಿದೆ ಅನ್ನೋದೇ ಮರೆತುಹೋಗಿತ್ತು ನನಗೆ. ನಗು ಬಂತು. ಕ್ಯಾಮೆರಾ ಅಲ್ಲೇ ಮೇಜಿನ ಮೇಲಿತ್ತು, ಎದೆ ಹತ್ರ ಹಿಡ್ಕೊಂಡು, ತೆಗೀಲಾ ಮೇಡಂ ಅಂದ್ರು. ಕೇಳಿಸ್ತು, ಬಾಯೂ ಕಾಣ್ತು. ಹೂಂ ಅಂದೆ."

ಅವನು ಕ್ಯಾಮೆರಾವನ್ನು ಕಾಫಿ ತಟ್ಟೆ ಹಿಡಿದ ಹಾಗೆ ಎದೆಯ ಹತ್ತಿರ ಹಿಡಿಯುತ್ತಾನೆಂದು ಮೇಷ್ಟ್ರು ಎಷ್ಟೋ ಸಲ ಎಲ್ಲರೆದುರು ಗದರಿದ್ದರು.

"ನೀವು ತೆಗೆಯುವಾಗ ಆ ದೂರದಲ್ಲಿ ನಿಂತಿರ್ತೀರಿ, ಮುಖದ ತುಂಬ ಕ್ಯಾಮೆರಾ," ಎಂದಳು. "ಏನು ಹೇಳ್ತಿದ್ದೀರೋ ಏನೋ, ಬೈತಿದ್ದೀರೋ ಕರೀತಿದ್ದೀರೋ ಅಂತ ನೋಡ್ತಾ ನಿಂತಿರ್ತೀನಿ. ಅಷ್ಟರಲ್ಲಿ ತೆಗೆದು ಮುಗಿಸಿರ್ತೀರಿ."

ಉರಿ ಇಳಿಯಬೇಕಿತ್ತು. ಇಳಿಯಲಿಲ್ಲ. ಎಲ್ಲಿಯದೋ ಅಂಗಡಿಯವನೊಬ್ಬನಿಗೆ ಮೊದಲ ದಿನವೇ ಗೊತ್ತಾದದ್ದು, ಕಟ್ಟಿಕೊಂಡ ತಮಗೆ ಗೊತ್ತಾಗಿರಲಿಲ್ಲ. ಅದೇ ಈಗ ಹೆಚ್ಚು ಉರಿಯುತ್ತಿತ್ತು.

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಹತ್ತು ಕಂಪನಿ ಮಷೀನು ಹುಡುಕಿ, ಇದಕ್ಕಿಂತ ಅದು ಒಳ್ಳೇದು, ಮುಂದಿನ ವರ್ಷ ಹೊಸದು ಬರುತ್ತೆ ಕಾಯೋಣ ಅಂತಿದ್ರಿ. ನಾನು ಇನ್ನೂ ಕಿವುಡಿಯಾಗೇ ಇರ್ತಿದ್ದೆ." ಅವಳು ನಗಲಿಲ್ಲ. "ಇವು ನಿನ್ನೆ ಕೈಗೆ ಬಂದವು. ಕಾರ್ಖಾನೆಲಿ ಹಾಕ್ಕೊಳ್ಳಲಿಲ್ಲ, ಬಸ್ಸಲ್ಲೂ ಹಾಕ್ಕೊಳ್ಳಲಿಲ್ಲ. ಮೊದಲು ನಿಮ್ಮ ದನಿನೇ ಕೇಳೋಣ ಅಂತ ನಮ್ಮ ಮನೆ ಬಾಗಿಲಲ್ಲಿ ನಿಂತು ಹಾಕ್ಕೊಂಡೆ. ಅಲ್ಲಿ ಫೋಟೋ ನೋಡಿ ಬಂದಿರ್ತೀರಿ, ಹಿಂದಿನಿಂದ ಏನಾದ್ರೂ ಕೇಳೇ ಕೇಳ್ತೀರಿ, ಆಗ ತಿರುಗಿ ಉತ್ತರ ಕೊಟ್ಟು ನಿಮ್ಮನ್ನ ಬೆಚ್ಚಿಬೀಳಿಸೋಣ ಅಂತ ಬೇಕಂತಲೇ ಬೆನ್ನು ಹಾಕಿ ನಿಂತೆ."

ಮೇಷ್ಟ್ರ ಮನಸ್ಸು ಹಿಂದಕ್ಕೆ ಓಡಿ, 'ಮನೇಲಿ ಹೆಣದ ಮುಖ' ಎಂದದ್ದರ ಹತ್ತಿರ ಹೋಗಿ ನಿಂತಿತು. ಎಷ್ಟೋ ವರ್ಷಗಳ ಮೇಲೆ ಗಂಡನ ಬಾಯಿಂದ ಅವಳ ಕಿವಿಗೆ ಬಿದ್ದ ಮೊದಲ ಮಾತು ಅದು.

"ನನ್ನ ಬೆನ್ನ ಹಿಂದೆ ಯಾವಾಗಲೂ ಹೀಗೇ ಅಂತಿದ್ರಾ?" ಎಂದು ಕೇಳಿದಳು. ಕೋಪದಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವಳಂತೆ.

ಹೊರಗೆ ಯಾರದೋ ಬೈಕು ಹಾದುಹೋಯಿತು; ಅವಳು ಅದರ ಕಡೆ ಕತ್ತು ತಿರುಗಿಸಿ, ಅದು ಪೂರ್ತಿ ದೂರವಾಗುವವರೆಗೆ ಕೇಳಿದಳು.

ಆಮೇಲೆ ಎರಡೂ ಮಷೀನುಗಳನ್ನು ಒಂದೊಂದಾಗಿ ಬಿಚ್ಚಿ, ಕೋಟಿನ ಜೇಬಿನಿಂದ ಸಣ್ಣ ಡಬ್ಬಿ ತೆಗೆದು ಅದರಲ್ಲಿಟ್ಟು ಮುಚ್ಚಳ ಹಾಕಿದಳು. "ಮೊದಮೊದಲು ಸ್ವಲ್ಪ ಹೊತ್ತು ಮಾತ್ರ ಹಾಕ್ಕೊಳ್ಳಿ ಅಂದಿದ್ದಾರೆ. ಇವತ್ತಿಗೆ ಇಷ್ಟು ಸಾಕು."

ಡಬ್ಬಿಯನ್ನು ಬದಿಗೆ ಸರಿಸಿ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. ಅವರ ಮೊಣಕಾಲಿಗೆ ಅವಳ ಮೊಣಕಾಲು ತಾಕಿತು. "ಈಗ ಹೇಳಿ," ಎಂದಳು.

ಮೇಷ್ಟ್ರಿಗೆ ಹೇಳುವುದಿತ್ತು. ಕಣ್ಣೀರಿಗೆ ಮೀಸೆ ಒದ್ದೆಯಾಯಿತು, ಅದನ್ನು ಮರೆಮಾಡಲು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಏನೋ ಹೇಳತೊಡಗಿದರು.

ಅವಳು ಆ ಕೈಯನ್ನು ಹಿಡಿದು, ಮೆಲ್ಲಗೆ ಕೆಳಗಿಳಿಸಿ, ಮೇಜಿನ ಮೇಲಿಟ್ಟು ಅದುಮಿ ಹಿಡಿದಳು.